ಗುರುಪಾದಪ್ಪನವರ ಮೊಣಕಾಲಿಗೆ ಹತ್ತಕ್ಕೆ ಎಷ್ಟು?

ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯಿಂದ ಫೋನು ಬಂದಾಗ ಗುರುಪಾದಪ್ಪನವರು ಕುರ್ಚಿಯಿಂದ ಏಳುವ ಪ್ರಯತ್ನದಲ್ಲಿದ್ದರು. ಪ್ರಯತ್ನ ಶುರುವಾಗಿ ಐದು ನಿಮಿಷವಾಗಿತ್ತು. ಆರು ತಿಂಗಳ ಹಿಂದೆ ಅವರ ಬಲಗಾಲಿನ ಸವೆದ ಮೊಣಕಾಲು ತೆಗೆದು ಹೊಸದು ಕೂರಿಸಿದ್ದರು. ಹೊಸದು ಹಳೆಯದಕ್ಕಿಂತ ಚೆನ್ನಾಗಿ ನೋಯುತ್ತಿತ್ತು.

"ಸರ್, ನಾನು ರಕ್ಷಾ, ಆಸ್ಪತ್ರೆಯಿಂದ. ಆಪರೇಷನ್ ಆಗಿ ಆರು ತಿಂಗಳಾಯ್ತಲ್ಲ, ನೋವಿನ ಸರ್ವೆ ಸರ್. ಸೊನ್ನೆಯಿಂದ ಹತ್ತರವರೆಗೆ ಒಂದು ನಂಬರ್ ಕೊಡ್ಬೇಕು. ಎಷ್ಟು ಕೊಡ್ತೀರಾ?"

ಮೊದಲನೇ ತಿಂಗಳು ಇದೇ ಹುಡುಗಿ ಕೇಳಿದಾಗ ಅವರು ದಾಕ್ಷಿಣ್ಯಕ್ಕೆ ಮೂರು ಕೊಟ್ಟಿದ್ದರು. ಮೂರನೇ ತಿಂಗಳು ಒಂದಕ್ಕೆ ಇಳಿಸಿದ್ದರು. ಇವತ್ತು ದಾಕ್ಷಿಣ್ಯ ಪೂರ್ತಿ ಖಾಲಿಯಾಗಿತ್ತು.

"ಸೊನ್ನೆ!" ಎಂದು ಗುಡುಗಿದರು.

"ವಾವ್, ಸೂಪರ್ ಸರ್! ನಿಶಾತ್ ಮೇಡಮ್ ನಿಮ್ಮನ್ನ ನೋಡ್ಲೇಬೇಕು ಅಂತಿದ್ರು. ಇವತ್ತು ಹನ್ನೊಂದಕ್ಕೆ ಬಂದ್ಬಿಡಿ, ಪ್ಲೀಸ್!"

ಗುರುಪಾದಪ್ಪನವರು ಫೋನನ್ನೇ ನೋಡುತ್ತ ಕೂತರು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಅವರು ಮೂವತ್ತೆರಡು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ಪೊಲೀಸ್ ಅಲ್ಲ ಮತ್ತೆ, ಬಿಡಿಭಾಗಗಳನ್ನು ಅಳೆದು ನೋಡಿ ನಂಬರು ಕೊಡುವ ಇನ್‌ಸ್ಪೆಕ್ಟರ್. ಹತ್ತು ಬಂದ ಮಾಲು ಪಾಸು, ಸೊನ್ನೆ ಬಂದದ್ದು ಸೀದಾ ಗುಜರಿಗೆ. ಅವರಿಂದ ಸೊನ್ನೆ ಪಡೆದು ಕಣ್ಣೀರು ಹಾಕಿದವರಿದ್ದರು, ಕಾಲು ಹಿಡಿಯಲು ಬಂದವರಿದ್ದರು. ಸೂಪರ್ ಅಂದವರು ಒಬ್ಬರೂ ಇರಲಿಲ್ಲ.

"ಈಗ ಬಿಸಿ ಮುಟ್ತು ನೋಡ್ರಿ ಅವ್ರಿಗೆ!" ಎಂದರು ಹೆಂಡತಿ ಪಾರವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ. "ಇವತ್ತರ ಬಾಯಿ ಬಿಟ್ಟು ಹೇಳ್ರಿ. ನೋವಿನ ಡಾಕ್ಟರ್ ಹಂತ್ಯಾಕ ಚೀಟಿ ಕೊಡ್ರಿ ಅಂತ ಕೇಳ್ರಿ. ಎಷ್ಟು ದಿನಾ ಅಂತ ಹಿಂಗ ನರಳ್ತೀರಿ? ನನಗ ನೋಡ್ಲಿಕ್ಕೆ ಆಗವಲ್ದು."

ಆ ಆಸ್ಪತ್ರೆಯಲ್ಲಿ ನೋವಿಗೆಂದೇ ಒಬ್ಬ ತಜ್ಞರಿದ್ದರು. ಆದರೆ ಸರ್ವೆ ಕೌಂಟರಿನ ಚೀಟಿ ಇಲ್ಲದೆ ಅವರ ಬಾಗಿಲು ತೆರೆಯುತ್ತಿರಲಿಲ್ಲ. ಗುರುಪಾದಪ್ಪನವರಿಗೆ ಈ ಜಗತ್ತಿನಲ್ಲಿ ಸದ್ಯ ಬೇಕಾಗಿದ್ದದ್ದು ಆ ಒಂದು ಚೀಟಿ. ನೋವಿಲ್ಲದೆ ಒಂದು ರಾತ್ರಿ ನಿದ್ದೆ ಮಾಡಿದರೆ ಸಾಕಾಗಿತ್ತು ಪಾಪ.

ಗುರುಪಾದಪ್ಪನವರು ಪಾರವ್ವನ ಜೊತೆ ಎರಡನೇ ಮಹಡಿಯಿಂದ ಕುಂಟುತ್ತ ಇಳಿದು ಮೊದಲನೇ ಮಹಡಿ ಮುಟ್ಟುವಷ್ಟರಲ್ಲಿ ಅಲ್ಲಿನ ಮಹಾಲಿಂಗಪ್ಪನವರು ಬಾಗಿಲಲ್ಲೇ ಹಿಡಿದರು. ಅವರದೂ ಮೊಣಕಾಲು ಬದಲಾದ ದೇಹ.

"ಆವತ್ತೇ ಬಡ್ಕೊಂಡೆ ಕಣ್ರೀ! ಬೆನ್ನಿಗೆ ಸೂಜಿ ಹಾಕಿಸ್ಕೋಬೇಡಿ, ಪೂರ್ತಿ ಮಂಪರು ತಗೊಳ್ಳಿ ಅಂತ. ಕೇಳಿದ್ರಾ? ಸೊಂಟದಿಂದ ಕೆಳಗೆ ಮರಗಟ್ಟಿಸಿ, ಕಣ್ಣು ಬಿಟ್ಕೊಂಡಿರೋನ ಕಾಲು ಕೊಯ್ದರೆ ಕಾಲು ಸುಮ್ನಿರುತ್ತಾ? ಅದಕ್ಕೂ ನೆನಪಿರುತ್ತೆ! ನನ್ನ ನೋಡಿ, ಮಂಪರು ತಗೊಂಡೆ, ರಾಜನ ಥರಾ ಇದೀನಿ." ಹೀಗೆಂದು ಕಾಲು ಝಾಡಿಸಿ ತೋರಿಸಿದವರು ತಕ್ಷಣ ಗೋಡೆ ಹಿಡಿದು ತುಟಿ ಕಚ್ಚಿಕೊಂಡರು.

ನೆಲಮಹಡಿಯ ಫಖ್ರುನ್ನೀಸಾ ಹೊರಗೆ ಬಂದರು. ಅವರ ಮೊಣಕಾಲಿನ ಸರದಿ ಬರುವ ಗುರುವಾರ. ಸೂಜಿಯೋ ಮಂಪರೋ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ.

"ಅರೇ ಅಣ್ಣಾ, ಮಂಪರು ತಗೊಂಡ್ರೆ ಎದ್ಮೇಲೆ ಗಂಡನ ಹೆಸರೇ ಮರ್ತೋಗತ್ತಂತೆ. ನಂಗೇನೋ ಪರ್ವಾಗಿಲ್ಲ, ಅವರಿಗೆ ಬೇಜಾರಾಗತ್ತೆ. ನಿಮ್ದು ನೋಡ್ಕೊಂಡೇ ನಾನು ಡಿಸೈಡ್ ಮಾಡೋದು. ನಡೀರಿ, ಆಸ್ಪತ್ರೆಗೆ ನಾನೂ ಬರ್ತೀನಿ."

"ನಾನೂ ಬರ್ತೀನಿ," ಎಂದರು ಮಹಾಲಿಂಗಪ್ಪ.

ಒಂದು ಆಟೋದಲ್ಲಿ ಮೂರು ಕೆಟ್ಟ ಮೊಣಕಾಲು, ಪಾರವ್ವ ಮತ್ತು ಎರಡು ಅಭಿಪ್ರಾಯಗಳು ತುರುಕಿಕೊಂಡವು. ಯಶವಂತಪುರದವರೆಗೆ ಸೂಜಿ ಗೆದ್ದಿತು, ಮೇಖ್ರಿ ಸರ್ಕಲ್ ಹೊತ್ತಿಗೆ ಮಂಪರು ಮುಂದಿತ್ತು. ಸಿಗ್ನಲ್ಲಿನಲ್ಲಿ ಆಟೋದವನೂ ಹಿಂದೆ ತಿರುಗಿ, "ಸುಮ್ನೆ ಎಳ್ಳೆಣ್ಣೆ ಹಚ್ಚಿ ಸಾರ್," ಎಂದ. ಗುರುಪಾದಪ್ಪನವರ ತಲೆ ಗಿರ್ರೆಂದಿತು. ಆಪರೇಷನ್ ದಿನ ಪರದೆಯ ಆಚೆ ಟಕ್ ಟಕ್ ಎಂದು ಸುತ್ತಿಗೆ ಬಡಿಯುವುದನ್ನು ಅವರು ಕಿವಿಯಾರೆ ಕೇಳಿದ್ದರು. ಅದನ್ನು ಕೇಳಿಸಿಕೊಂಡದ್ದಕ್ಕೇ ಇನ್ನೂ ನೋಯುತ್ತಿದೆಯೋ? ಅಥವಾ ಕೇಳಿಸಿಕೊಳ್ಳದಿದ್ದರೂ ನೋಯುತ್ತಿತ್ತೋ? ಯಾರನ್ನು ಕೇಳುವುದು?

ಆರ್.ಟಿ. ನಗರದ ಆಸ್ಪತ್ರೆಯ ಬಾಗಿಲಲ್ಲೇ ರಕ್ಷಾ ಕಾದಿದ್ದಳು. ನೇರವಾಗಿ ಮೇಲಿನ ಮಹಡಿಯ ಒಂದು ಸಭಾಂಗಣಕ್ಕೆ ಕರೆದೊಯ್ದಳು. ಅಲ್ಲಿ ಮೊಣಕಾಲು ಬದಲಿಸಿಕೊಳ್ಳಲಿರುವ ನಲವತ್ತು ಜನ ಕೂತಿದ್ದರು. ವೇದಿಕೆಯ ಮೇಲೆ ಅರಿವಳಿಕೆ ತಜ್ಞೆ ಡಾಕ್ಟರ್ ನಿಶಾತ್, ಪಕ್ಕದಲ್ಲಿ ತಟ್ಟೆಯಲ್ಲಿ ಶಾಲು, ಹಾರ, ಮೈಸೂರು ಪೇಟ. ಗುರುಪಾದಪ್ಪನವರು ಯಾರಿಗೋ ಸನ್ಮಾನವಿರಬೇಕು ಎಂದು ಪಕ್ಕಕ್ಕೆ ಸರಿದು ನಿಂತರು. ಅಷ್ಟರಲ್ಲಿ ಇಬ್ಬರು ರಟ್ಟೆ ಹಿಡಿದು ಅವರನ್ನೇ ವೇದಿಕೆ ಹತ್ತಿಸತೊಡಗಿದರು.

ಇದ್ದದ್ದು ಮೂರೇ ಮೆಟ್ಟಿಲು. ಎರಡನೆಯದಕ್ಕೆ "ಅಯ್ಯಯ್ಯಪ್ಪಾ!" ಎಂದು ಚೀರಿದರು. ಕಣ್ಣಲ್ಲಿ ನೀರು ಬಂತು. ಭಾವುಕರಾಗಿದ್ದಾರೆಂದು ತಿಳಿದ ಜನ ಜೋರಾಗಿ ಚಪ್ಪಾಳೆ ತಟ್ಟಿದರು.

"ಸೂಜಿ, ಮಂಪರು, ಇವೆರಡರಲ್ಲಿ ಯಾವುದ್ರಿಂದ ಮುಂದೆ ನೋವು ಕಮ್ಮಿ ಅಂತ ನಾವಿನ್ನೂ ನೋಡ್ತಾ ಇದೀವಿ," ಎಂದರು ನಿಶಾತ್ ಮೈಕಿನಲ್ಲಿ. "ಒಬ್ಬರನ್ನ ನೋಡಿ ಏನೂ ಹೇಳೋಕಾಗಲ್ಲ. ಆದ್ರೂ ಧೈರ್ಯಕ್ಕೆ ಅಂತ ಒಬ್ಬರನ್ನ ಕರೆಸಿದೀವಿ. ಬೆನ್ನಿಗೆ ಸೂಜಿ ತಗೊಂಡೋರು. ಒಂದನೇ ತಿಂಗಳು ನೋವು ಮೂರು, ಮೂರನೇ ತಿಂಗಳು ಒಂದು, ಇವತ್ತು ಸೊನ್ನೆ!"

ಪೇಟ ತಲೆಗೇರಿತು. ಮೈಕು ಕೈಗೆ ಬಂತು.

"ಸೊನ್ನೆ ಕೊಟ್ಟಿದ್ದು ಖರೆ," ಎಂದರು ಗುರುಪಾದಪ್ಪ. "ಕಾಲು ಸಿಕ್ಕಾಪಟ್ಟಿ ನೋಯ್ತೈತಿ, ಅದಕ್ಕ ಕೊಟ್ಟೀನಿ. ಇಂಥಾ ಮಾಲಿಗೆ ಸೊನ್ನೆ ಕೊಡದ ಮತ್ತೇನು ಕೊಡ್ಲಿ?"

ಮುಂದಿನ ಸಾಲಿನ ಇಬ್ಬರು ಮೆಲ್ಲಗೆ ಎದ್ದು ಮನೆಗೆ ಹೊರಟರು. ರಕ್ಷಾ ಓಡಿ ಬಂದಳು.

"ಅಯ್ಯೋ ಸರ್! ಅದು ಮಾರ್ಕ್ಸ್ ಅಲ್ಲ! ಸೊನ್ನೆ ಅಂದ್ರೆ ನೋವೇ ಇಲ್ಲ ಅಂತ, ಹತ್ತು ಅಂದ್ರೆ ತಡೆಯೋಕೇ ಆಗದಷ್ಟು ನೋವು ಅಂತ!"

"ನೋವಿಗೆ ಹತ್ತು ಕೊಡೂದಾ?" ಗುರುಪಾದಪ್ಪನವರ ಬಾಯಿ ತೆರೆದೇ ಉಳಿಯಿತು. "ಯಾವ ಸೀಮೆ ಇನ್‌ಸ್ಪೆಕ್ಷನ್ನವ್ವಾ ಇದು?"

ನಿಶಾತ್ ಹಣೆ ಹಣೆ ಚಚ್ಚಿಕೊಂಡು, "ಸಾರಿ ಸರ್, ತುಂಬಾ ಸಾರಿ," ಎಂದು ಕೈ ಮುಗಿದರು. "ರಕ್ಷಾ, ಮೊದಲು ಇವರಿಗೆ ಚೀಟಿ ಮಾಡ್ಸಮ್ಮ. ನೋವಿನ ನಂಬರ್ ಏಳು ದಾಟಿದ್ರೆ ಇವತ್ತೇ ನೋವಿನ ಡಾಕ್ಟರ್ ನೋಡ್ಲಿ. ನಾಳೆಯಿಂದ ಅವರು ರಜ."

ರಕ್ಷಾ ಅಲ್ಲೇ ಲ್ಯಾಪ್‌ಟಾಪಿನಲ್ಲಿ ಟಕಟಕ ಕುಟ್ಟಿದಳು. "ಸಿಸ್ಟಮ್‌ನಲ್ಲಿ ನೋಟ್ ಹಾಕಿದೀನಿ ಸರ್, ಈ ಪೇಷಂಟ್ ನಂಬರ್ ಉಲ್ಟಾ ಹೇಳ್ತಾರೆ ಅಂತ. ಇನ್ನು ತಪ್ಪಾಗಲ್ಲ. ಕೆಳಗೆ ಕೌಂಟರ್‌ನಲ್ಲಿ ಇನ್ನೊಂದ್ಸಲ ನಂಬರ್ ಹೇಳಿ."

ಗುರುಪಾದಪ್ಪನವರ ಎದೆ ಹಗುರಾಯಿತು. ಆರು ತಿಂಗಳಲ್ಲಿ ಮೊದಲ ಸಲ ತಮ್ಮ ನೋವನ್ನು ಯಾರೋ ನಂಬಿದ್ದರು. ಲಿಫ್ಟಿನಲ್ಲಿ ಮೂವರೂ ಸೇರಿ ಅವರಿಗೆ ಪಾಠ ಮಾಡಿದರು.

"ಹತ್ತು ಅನ್ರಿ, ಮರೀಬ್ಯಾಡ್ರಿ," ಎಂದರು ಪಾರವ್ವ.

"ಹತ್ತಕ್ಕಿಂತ ಕಮ್ಮಿ ಹೇಳ್ಬೇಡಿ ಅಣ್ಣಾ," ಎಂದರು ಫಖ್ರುನ್ನೀಸಾ.

ಕೌಂಟರಿನ ಹುಡುಗಿ ಹೊಸಬಳು, ಬಹಳ ನಯ. "ಹೇಳಿ ಸರ್, ಹತ್ತಕ್ಕೆ ಎಷ್ಟು?"

"ಹತ್ತು!" ಎಂದರು ಗುರುಪಾದಪ್ಪ, ಪಾಠ ಒಪ್ಪಿಸಿದ ಗೆಲುವಿನಲ್ಲಿ.

ಹುಡುಗಿ ಸ್ಕ್ರೀನ್ ನೋಡಿ ನಕ್ಕು, ಒಂದೇ ಒಂದು ಗುಂಡಿ ಒತ್ತಿದಳು. "ಆಯ್ತು ಸರ್. ಸೊನ್ನೆ."

"ಸೊನ್ನೆ ಅಲ್ಲವ್ವಾ, ಹತ್ತು!"

"ಗೊತ್ತು ಸರ್, ನೋಟ್ ಇದೆ. ನೀವು ಹತ್ತು ಅಂದ್ರೆ ಸೊನ್ನೆ."

"ಅವರೀಗ ಸರಿಯಾಗೇ ಹೇಳ್ತಿದಾರೆ ಕಣಮ್ಮ!" ಎಂದು ಮಹಾಲಿಂಗಪ್ಪ ಹಾರಾಡಿದರು.

"ಉಲ್ಟಾ ಹೇಳೋರಿಗೆಲ್ಲ ಅದೇ ಸರಿ ಅನ್ಸುತ್ತೆ ಅಂಕಲ್. ಪಾಪ, ಬಿಡಿ."

ಗುರುಪಾದಪ್ಪನವರು ಕಣ್ಣು ಮುಚ್ಚಿ ಲೆಕ್ಕ ಹಾಕಿದರು. ಹತ್ತು ಅಂದರೆ ಇವಳಿಗೆ ಸೊನ್ನೆ. ಹಾಗಾದರೆ ಸೊನ್ನೆ ಅಂದರೆ ಹತ್ತು! ಹೊಳೆಯಿತು. ಕೌಂಟರಿನ ಮೇಲೆ ಬಾಗಿ, ಒಂದೊಂದೇ ಅಕ್ಷರ ಒತ್ತಿ ಹೇಳಿದರು.

"ಆತು, ನಿನ್ನ ದಾರೀಗೇ ಬಂದೆ. ನಂದು ಸೊನ್ನೆ. ಬರಕೋ, ಸೊನ್ನೆ!"

"ಅದನ್ನೇ ಬರ್ದಿದೀನಲ್ಲ ಸರ್," ಎಂದು ಹುಡುಗಿ ಚೀಟಿಗೆ ಸೀಲು ಒತ್ತಿ ಅವರ ಕೈಗಿಟ್ಟಳು. ಚೀಟಿಯಲ್ಲಿ ಹೀಗಿತ್ತು: ನೋವು, ಸೊನ್ನೆ. ತಜ್ಞರ ಅಗತ್ಯವಿಲ್ಲ. ಮುಂದಿನ ಸರ್ವೆ ಆರು ತಿಂಗಳ ನಂತರ.