ಅರಗು ಹಾಕಿದ ಮೌಸು

ಆ ಭಾನುವಾರ ಮಧ್ಯಾಹ್ನ ಚನ್ನಪಟ್ಟಣದ ಸಾಬೀರನ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಆದರೆ ಒಳಗೆ ಬಂದವರು ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, ಯಾವಾಗ ಆಯ್ತು ಎಂದು ಕೇಳುವ ಹಾಗಿತ್ತು ಮನೆಯ ಕಳೆ. ಕಂಪ್ಯೂಟರಿನ ಪರದೆಯ ನಟ್ಟನಡುವೆ ಬಾಣದ ಗುರುತು ನಿಂತುಬಿಟ್ಟಿತ್ತು. ಮೌಸನ್ನು ಎಳೆದರೂ, ಊದಿದರೂ, ಮೇಜಿಗೆ ಕುಟ್ಟಿದರೂ (ಕುಟ್ಟಿದ್ದು ಮೂರು ಸಲ, ಕೊನೆಯದು ಜೋರಾಗಿಯೇ) ಅದು ಜಪ್ಪಯ್ಯ ಎಂದರೂ ಕದಲಲಿಲ್ಲ.

ಒಂದು ಮೌಸಿಗೆ ಇಷ್ಟೆಲ್ಲ ಸೂತಕವೇ ಎಂದು ನಗಬೇಡಿ. ಮೈಸೂರಿನ ಕರಕುಶಲ ಮೇಳದಲ್ಲಿ ಮಳಿಗೆ ಬೇಕಾದವರ ಅರ್ಜಿ ಅಂದು ಸಂಜೆ ಐದರೊಳಗೆ ಹೋಗಬೇಕಿತ್ತು. ಸಾಬೀರನದು ಅಪ್ಪನ ಕಾಲದಿಂದ ಮರದ ಗೊಂಬೆ ಕಡೆಯುವ ಮನೆ. ಎರಡು ತಿಂಗಳಿಂದ ಕಡೆಯುವ ಲೇತಿಗೆ ಗಿರಾಕಿಯ ಕೆಲಸ ಒಂದೂ ಬಂದಿರಲಿಲ್ಲ. ಅರ್ಜಿ ಹೋಗದಿದ್ದರೆ ಸೋಮವಾರ ಬೆಳಗಿನ ಏಳರ ರೈಲು ಹತ್ತಿ ಬಿಡದಿಗೆ ಹೋಗಿ, ಕಾರಿನ ಬಿಡಿಭಾಗಗಳನ್ನು ರಟ್ಟಿನ ಡಬ್ಬಕ್ಕೆ ತುಂಬುವ ಕೆಲಸಕ್ಕೆ ನಿಲ್ಲಬೇಕು. ಆ ಕೆಲಸ ಹಿಡಿದಿಟ್ಟಿದ್ದವನು ಅಲ್ಲೇ ದುಡಿಯುವ ಅವನ ಹೆಂಡತಿಯ ತಮ್ಮ ಅನೀಸ್. ಐವತ್ತರ ಹತ್ತಿರ ಬಂದವನು ತಲೆಗೆ ಟೋಪಿ, ಕತ್ತಿಗೆ ಕಾರ್ಡು ಹಾಕಿಕೊಂಡು ಹುಡುಗರ ಸಾಲಿನಲ್ಲಿ ನಿಲ್ಲುವುದನ್ನು ನೆನೆದಾಗಲೆಲ್ಲ ಸಾಬೀರ್ ಮೌಸನ್ನು ಇನ್ನೊಂದು ಸಲ ಎಳೆದು ನೋಡುತ್ತಿದ್ದ.

ತಪ್ಪು ಯಾರದೆಂಬುದನ್ನು ಅವನು ಆಗಲೇ ತೀರ್ಮಾನಿಸಿಯಾಗಿತ್ತು. ಈ ಕಂಪ್ಯೂಟರಿಗೆ ಲಿನಕ್ಸ್ ಎಂಬುದನ್ನು ಹಾಕಿದವನು ಅನೀಸ್. ಅದರ ಗುರುತು ಒಂದು ಪೆಂಗ್ವಿನ್. ಹಿಮದಲ್ಲಿ ಬದುಕುವ ಹಕ್ಕಿಯನ್ನು ತಂದು ಈ ಸೆಕೆಯಲ್ಲಿ ಕೂರಿಸಿದರೆ ಅದಕ್ಕೆ ಪ್ರಜ್ಞೆ ಇರುತ್ತದೆಯೇ ಎಂದು ಸಾಬೀರ್ ಹನ್ನೆರಡು ಗಂಟೆಯಿಂದ ಒಂದೂವರೆವರೆಗೆ ಗೊಣಗಿದ. ಹೆಂಡತಿ ತಸ್ಲೀಮಾ ತಾನೊಂದು ಕೈ ನೋಡುತ್ತೇನೆ ಎಂದಳು. ಮುಟ್ಟಬೇಡ ಎಂದ. ಫೋನಿನಲ್ಲೇ ತುಂಬೋಣವೆಂದರೆ ಆ ಅರ್ಜಿ ಅರ್ಧ ಕಾಣುತ್ತಿತ್ತು, ಅರ್ಧ ಕಾಣುತ್ತಿರಲಿಲ್ಲ. ಭಾನುವಾರವಾದ್ದರಿಂದ ಕಂಪ್ಯೂಟರ್ ಅಂಗಡಿಗಳ ಬಾಗಿಲು ಹಾಕಿತ್ತು. ಬೀದಿಯಲ್ಲಿ ಬೇರೆ ಯಾರ ಮನೆಯಲ್ಲೂ ಕಂಪ್ಯೂಟರಿರಲಿಲ್ಲ.

"ಶುಕ್ರವಾರ ನೀವು ಅದುಕ್ಕೆ ಮಣಿ ಹಾಕುದ್ರಲ್ಲ, ಅದಾದ್ಮೇಲೆ ನಾವು ಮುಟ್ಟಿದ್ದು ಇವತ್ತೇ," ಎಂದಳು ತಸ್ಲೀಮಾ ಮೆಲ್ಲಗೆ.

"ಮಣಿಗೂ ಇದುಕ್ಕೂ ಏನೇ ಸಂಬಂಧ? ನಾ ಹಾಕಿದ್ ಅರಗ್ನ ಇವತ್ತಿನ್ವರ್ಗೂ ಒಬ್ಬ ತಪ್ಪು ಅಂದವ್ನಾ?"

ಮಣಿಯ ಕಥೆ ಇಷ್ಟೇ. ಶುಕ್ರವಾರ ನಮಾಜು ಮುಗಿಸಿ ಬಂದವನಿಗೆ ಕೈ ಸುಮ್ಮನಿರಲಿಲ್ಲ. ಹಾಲೆ ಮರದ ತುಂಡೊಂದನ್ನು ಕಡೆದು, ಹಳದಿಯ ಮೇಲೆ ಕೆಂಪು ಪಟ್ಟಿಯ ಅರಗು ಹತ್ತಿಸಿ, ತಾಳೆಗರಿಯಲ್ಲಿ ಉಜ್ಜಿ ಮಿರಮಿರ ಮಾಡಿ, ಮೌಸಿನ ವೈರಿನ ತುದಿಯಲ್ಲಿ, ಕಂಪ್ಯೂಟರಿಗೆ ಚುಚ್ಚುವ ಪಿನ್ನಿನ ಹಿಂಬದಿಗೆ ತೊಡಿಸಿದ್ದ. ಸಡಿಲವಾಗಬಾರದೆಂದು ಕೆಂಪು ಅರಗಿನ ಕಡ್ಡಿ ಕಾಯಿಸಿ ನಾಲ್ಕು ಹನಿ ಬಿಟ್ಟಿದ್ದ. ನಿಜ ಹೇಳಬೇಕೆಂದರೆ ಬಹಳ ಚೆಂದವಿತ್ತು. ಫೋಟೊ ತೆಗೆದು ಮಾಗಡಿಯ ನೆಂಟರವರೆಗೆ ಎಲ್ಲರಿಗೂ ಕಳಿಸಿದ್ದ.

ಭಾನುವಾರದ ಪಾಳಿಯಲ್ಲಿದ್ದ ಅನೀಸನಿಗೆ ಟೀ ಬಿಡುವು ಸಿಕ್ಕಿದ್ದು ನಾಲ್ಕೂಕಾಲಿಗೆ. ಅವನು ಫೋನಿನಲ್ಲಿ ಹೇಳಿದಂತೆ ತಸ್ಲೀಮಾ ಕೀಬೋರ್ಡಿನಲ್ಲೇ ಒಂದು ಕಪ್ಪು ಪುಟ ತೆರೆದು, ಅವನು ಹೇಳಿದ ಐದು ಅಕ್ಷರ ಒತ್ತಿದಳು. ಕಂಪ್ಯೂಟರಿಗೆ ಏನೇನು ಚುಚ್ಚಿದೆ ಎಂಬ ಪಟ್ಟಿ ಬಂತು. ಅದರಲ್ಲಿ ಕೀಬೋರ್ಡಿತ್ತು, ಪ್ರಿಂಟರಿತ್ತು. ಮೌಸಿನ ಹೆಸರೇ ಇರಲಿಲ್ಲ.

"ಭಾಯ್, ಲಿನಕ್ಸುದು ಏನೂ ತಪ್ಪಿಲ್ಲ. ಅದುಕ್ಕೆ ಮೌಸ್ ಐತೆ ಅಂತ್ಲೇ ಗೊತ್ತಾಗ್ತಿಲ್ಲ. ಪಿನ್ ಕಿತ್ತು ಒಳಗೆ ಒಸಿ ನೋಡಿ," ಎಂದ ಅನೀಸ್.

ಸಾಬೀರ್ ಕಿತ್ತು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಪಿನ್ನಿನ ಬಾಯೊಳಗೆ, ತಗಡುಗಳ ಮೇಲೆ, ತೆಳ್ಳಗೆ, ಒಂದೇ ಸಮನೆ, ಹಿಂಬದಿಯಿಂದ ಹರಿದಿಳಿದ ಅವನದೇ ಕೆಂಪು. ಪ್ರಪಂಚದ ಯಾವ ಮೂಲೆಯಲ್ಲಿ ಕಂಡರೂ ಅವನು ಗುರುತು ಹಿಡಿಯುವ ಕೆಂಪು. ನಾಚಿಕೆಯಿಂದ ಅವನ ಕಿವಿಯೂ ಅದೇ ಬಣ್ಣಕ್ಕೆ ತಿರುಗಿತು. ಬೆಂಕಿಗೆ ಹಿಡಿಯೋಣವೆಂದರೆ ಅರಗಿನ ಜೊತೆ ಪ್ಲಾಸ್ಟಿಕ್ಕೂ ಸುಟ್ಟುಹೋಗುತ್ತಿತ್ತು. ಸೂಜಿ ಹಿಡಿದು ಕೂತ.

ತಸ್ಲೀಮಾ ಕುರ್ಚಿ ಎಳೆದುಕೊಂಡು, ಕೀಬೋರ್ಡಿನ ಟ್ಯಾಬ್ ಗುಂಡಿ ಒತ್ತಿ ಒತ್ತಿ, ಒಂದು ಖಾನೆಯಿಂದ ಇನ್ನೊಂದಕ್ಕೆ ಜಿಗಿಯುತ್ತ ಅರ್ಜಿ ತುಂಬಿದಳು. ಮೌಸಿಲ್ಲದೆಯೂ ಅದು ತುಂಬುತ್ತದೆಂದು ಅವಳಿಗೆ ಮಧ್ಯಾಹ್ನವೇ ಗೊತ್ತಿತ್ತು. ಮುಟ್ಟಬೇಡ ಎಂದವನು ಇವನು. ಕೊನೆಯಲ್ಲಿ ಹೊಸ ವಿನ್ಯಾಸದ ಒಂದು ಫೋಟೊ ಕೇಳಿತು. ಫೋನಿನ ಫೋಟೊಗಳು ತಾವಾಗಿ ಕಂಪ್ಯೂಟರಿಗೆ ಬಂದು ಕೂರುವ ಹಾಗೆ ಅನೀಸ್ ಮಾಡಿಟ್ಟಿದ್ದ. ಗಂಟೆ ಐದಕ್ಕೆ ಎರಡು ನಿಮಿಷವಿತ್ತು. ಎಲ್ಲಕ್ಕಿಂತ ಮೇಲಿದ್ದುದನ್ನು ಒತ್ತಿ ಕಳಿಸಿಬಿಟ್ಟಳು.

ಅರ್ಜಿ ಹೋಯಿತು. ಸಾಬೀರನ ಕಣ್ಣು ತುಂಬಿ ಬಂತು. ಲೇತಿನ ಮೇಲಿನ ಧೂಳನ್ನು ತೋಳಿನಲ್ಲೇ ಒರೆಸಿದ.

ಆರಕ್ಕೆ ಮೇಳದ ಕಚೇರಿಯಿಂದ ಒಬ್ಬ ಹೆಂಗಸು ಫೋನು ಮಾಡಿದರು. ಗೊಂಬೆ ಎಲ್ಲರೂ ತರುತ್ತಾರೆ, ಮೌಸಿಗೆ ಅರಗಿನ ಕೆಲಸ ಯಾರೂ ಮಾಡಿಲ್ಲ, ನಮ್ಮವರಿಗೆಲ್ಲ ಬಹಳ ಹಿಡಿಸಿದೆ ಎಂದು ಹೊಗಳಿದರು. ಹೊಗಳಿಸಿಕೊಂಡು ಸಾಬೀರ್ ಅರ್ಧ ಅಡಿ ಎತ್ತರವಾದ. ಅಲಂಕಾರ ಮಾತ್ರ ಇದ್ದರೆ ಮಳಿಗೆ ಕೊಡುವುದಿಲ್ಲವಂತೆ, ಬಳಕೆಗೂ ಬರಬೇಕಂತೆ. ಪರಿಶೀಲಿಸುವವರು ಮರುದಿನ ಬೆಳಗಿನ ಆರೂವರೆಗೇ ಚನ್ನಪಟ್ಟಣಕ್ಕೆ ಬರುತ್ತಾರಂತೆ. ಫೋಟೊದಲ್ಲಿದ್ದ ಮೌಸನ್ನೇ ನಿಮ್ಮ ಕಂಪ್ಯೂಟರಿಗೆ ಚುಚ್ಚಿ ಒಂದು ಸಲ ಓಡಿಸಿ ತೋರಿಸಿದರೆ ಸಾಕು ಎಂದು ಹೇಳಿ ಫೋನಿಟ್ಟರು.

ಸಾಬೀರ್ ಮತ್ತೆ ಸೂಜಿ ಹಿಡಿದು ಕಿಟಕಿಯ ಬಳಿ ಕೂತ. ಕೆರೆದ, ಒತ್ತಿದ, ಬೆವರಿದ. ಒಳಗೆ ತಸ್ಲೀಮಾ ಏಳರ ರೈಲಿಗೆ ಬೇಕಾದೀತೆಂದು ಅಟ್ಟದಿಂದ ಹಳೆಯ ಟಿಫನ್ ಬಾಕ್ಸ್ ಇಳಿಸಿ ತೊಳೆಯುತ್ತಿದ್ದಳು.

"ಅರಗು ಎದ್ ಬಂತಾ?" ಎಂದು ಅಲ್ಲಿಂದಲೇ ಕೇಳಿದಳು.

ಸಾಬೀರ್ ಪಿನ್ನನ್ನು ಇನ್ನೊಂದು ಸಲ ಬೆಳಕಿಗೆ ಹಿಡಿದು ನೋಡಿದ. ಒಂದು ಗೀರೂ ಬಿದ್ದಿರಲಿಲ್ಲ.

"ನಾ ಹಾಕಿದ್ ಅರಗು ಕಣೇ," ಎಂದ. "ಎಲ್ಲಿ ಬತ್ತದೆ."