ಇನ್‌ಸ್ಟಾಲ್ ಆಗವಲ್ದ್ರಿ ಸರ

ಕೊಪ್ಪಳದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ದುಡಿದವನು ನಾನು. ಕರೆದರೆ ಸುತ್ತಲಿನ ಊರುಗಳಿಗೂ ಹೋಗುತ್ತಿದ್ದೆ. ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಹಾಕಲು ಪ್ಯಾಕೇಜ್ ಮ್ಯಾನೇಜರ್ ಅಂತ ಒಂದಿದೆ. ಬೇಕಾದ್ದರ ಹೆಸರು ಹೇಳಿದರೆ ಸಾಕು, ಇಂಟರ್ನೆಟ್ಟಿನಿಂದ ಬಿಡಿ ಸಾಮಾನು ತರಿಸಿ ನಮ್ಮ ಮಷಿನ್ನಿನೊಳಗೇ ಕಟ್ಟಿ ನಿಲ್ಲಿಸುತ್ತದೆ. ಹಾಗೆಂದು ಪುಸ್ತಕದಲ್ಲಿದೆ. ನಮ್ಮ ಕಡೆ ಮಾತ್ರ ಅರ್ಧ ಕಟ್ಟಿ, ಕೆಂಪಕ್ಷರದಲ್ಲಿ ಬೈದು, ಕೈ ಚೆಲ್ಲುತ್ತದೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಎಷ್ಟೋ ಸಲ ಮಷಿನ್ನಿಗೆ ಬೈದ ಮೇಲೆ ಗೊತ್ತಾಗುತ್ತಿತ್ತು, ಮೊದಲು ಅದರ ಮುಂದೆ ಕೂತವರ ಕಥೆ ಕೇಳಬೇಕಿತ್ತು ಅಂತ.

1. ಬೀಗರು

ಶುರುವಿನ ದಿನಗಳು. ಸಣ್ಣದೊಂದು ಸಾಫ್ಟ್‌ವೇರ್ ಹಾಕಲು ಕೂತೆ. ಅದಕ್ಕೆ ಇನ್ನೊಂದು ಬೇಕಂತೆ, ಆ ಇನ್ನೊಂದಕ್ಕೆ ಮತ್ತೆರಡು. ಹಿಂದೆ ನಿಂತು ನೋಡುತ್ತಿದ್ದ ನಮ್ಮ ಹೆಡ್ ಕ್ಲಾರ್ಕ್ ಆಗಷ್ಟೇ ಮಗಳ ಮದುವೆ ಮುಗಿಸಿ ಸುಸ್ತಾಗಿದ್ದರು.

"ಅಯ್ಯ, ಇದು ನಮ್ಮ ಮನಿ ಲಗ್ನ ಆತಲ್ರಿ! ಮಾವ ಬರಬೇಕಂದ್ರ ಮಾವನ ಬೀಗರನ್ನ ಕರೀಬೇಕು. ಅವ್ರು ಬರಬೇಕಂದ್ರ ಅವ್ರ ಬೀಗರನ್ನ ಕರೀಬೇಕು."

ಹೀಗೆ ಹನ್ನೊಂದು ಸಾಫ್ಟ್‌ವೇರ್ ಕರೆದು ಕೂರಿಸಿದೆ. ಮತ್ತೆ ಕೆಂಪಕ್ಷರ. ಒಂಬತ್ತನೆಯದು ಬಂದಿದೆ, ಆದರೆ ಸಣ್ಣ ನಂಬರಿನ ಆವೃತ್ತಿ, ಅದಕ್ಕಿಂತ ದೊಡ್ಡ ನಂಬರಿನದೇ ಬೇಕು ಎಂದು ಅವರಿಗೆ ಓದಿ ಹೇಳಿದೆ.

"ತಿಳೀತ್ರಿ," ಅಂದರು ಅವರು. "ತಮ್ಮ ಬಂದಾನ. ಅಣ್ಣ ಬರೂತನಕ ಊಟಕ್ಕ ಏಳಂಗಿಲ್ಲಂತ ಕುಂತಾರ."

2. ಮರ್ಯಾದಿ

ಗಂಗಾವತಿಯ ತರಬೇತಿ ಕೇಂದ್ರದಲ್ಲಿ ಒಬ್ಬಳು ಹುಡುಗಿ, ಬಲು ಚುರುಕು. ಆದರೆ ಅವಳ ಮಷಿನ್ನಿನಲ್ಲಿ ಏನು ಹಾಕಲು ಹೋದರೂ ಶುರುವಾಗುವ ಮೊದಲೇ ರದ್ದು. ಇಡೀ ಮಧ್ಯಾಹ್ನ ನೆಟ್ ನೋಡಿದೆ, ಕೇಬಲ್ ನೋಡಿದೆ, ಕೇಂದ್ರದವರನ್ನೂ ಬೈದೆ. ಕೊನೆಗೆ ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ.

'ಮುಂದುವರಿಸಲೇ?' ಎಂದು ಮಷಿನ್ನು ಕೇಳಿತು. ವೈ ಒತ್ತಿದರೆ ಹೌದು, ಬೇರೆ ಏನು ಬರೆದರೂ ಬೇಡ ಎಂದರ್ಥ. ಅವಳು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ 'ಹೌದ್ರಿ' ಎಂದು ಟೈಪ್ ಮಾಡಿದಳು. ಮಷಿನ್ನು ಕೆಲಸ ಬಿಟ್ಟಿತು.

"ಒಂದು ಅಕ್ಷರ ಸಾಕಲ್ಲವಾ ತಂಗಿ?" ಅಂದೆ.

"ಅಷ್ಟು ಮರ್ಯಾದಿಲಿಂದ ಕೇಳತೈತ್ರಿ ಸರ. ಬರೇ ಹೂಂ ಅಂತ ಹೆಂಗ ಅನ್ನೂದ್ರಿ?"

3. ತೊಟ್ಟಿಲು

ಕುಷ್ಟಗಿಯ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಕಟ್ಟುವ ಕೆಲಸ ಪ್ರತಿ ಸಲ ಮುಕ್ಕಾಲು ಪಾಲಿಗೆ ನಿಲ್ಲುತ್ತಿತ್ತು. ಡಿಸ್ಕಿನಲ್ಲಿ ಜಾಗವೇ ಇಲ್ಲ. ತೆಗೆದು ನೋಡಿದರೆ ಸರ್ಕಾರಿ ಸುತ್ತೋಲೆಗಳ ಜೊತೆಗೆ ಸಿಬ್ಬಂದಿಯ ಮನೆಮನೆಯ ತೊಟ್ಟಿಲ ಕಾರ್ಯಕ್ರಮದ ವಿಡಿಯೊಗಳು ತುಂಬಿದ್ದವು. ಏನಾದರೂ ಅಳಿಸಲೇಬೇಕು ಎಂದೆ. ಆಫೀಸಿನ ಸಾಹೇಬರು ಫೈಲುಗಳ ಪಟ್ಟಿಯ ಮೇಲೆ ಬೆರಳಾಡಿಸಿದರು.

"ಸುತ್ತೋಲೆ ಅಳಸ್ರಿ. ಅವು ಮತ್ತ ಬರ್ತಾವ. ಕೂಸು ಮತ್ತ ಸಣ್ಣದಾಗಂಗಿಲ್ಲ."

4. ಮಾಸ್ತರರ ಪೇಪರ್

ಯಲಬುರ್ಗಾದಲ್ಲಿ ಒಬ್ಬರು ನಿವೃತ್ತ ಕನ್ನಡ ಮಾಸ್ತರರು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಆರು ವರ್ಷವಾಗಿತ್ತು. ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಇದೆ ಎಂದು ಯಾರಿಂದಲೋ ಕೇಳಿ ನನಗೆ ಫೋನ್ ಮಾಡಿದ್ದರು.

"ಸಾಯೂದ್ರೊಳಗ ಒಂದು ಪುಸ್ತಕ ನಾನಽ ಓದಬೇಕ್ರಿ. ಯಾರನ್ನೂ ಕರೀದಂಗ."

ಎರಡು ಭಾನುವಾರ ಬಸ್ಸು ಹತ್ತಿ ಹೋದೆ. ಎರಡೂ ಸಲ ಕೆಂಪಕ್ಷರ: 'ಈ ಪ್ಯಾಕೇಜ್ ಇನ್ನೂ ಚಾಲ್ತಿಗೆ ಬಂದಿಲ್ಲ.' ನಾನು ಕೈಚೀಲ ಎತ್ತಿಕೊಳ್ಳುವ ಸದ್ದಿಗೇ ಮಾಸ್ತರರ ಮುಖ ಸಣ್ಣದಾಗುತ್ತಿತ್ತು. ಅದು ನೆನಪಾದರೆ ರಾತ್ರಿ ಊಟ ಸೇರುತ್ತಿರಲಿಲ್ಲ.

ಮೂರನೆಯ ಸಲ ಪರದೆಯ ಮೂಲೆಯ ತಾರೀಕು ಕಣ್ಣಿಗೆ ಬಿತ್ತು. ಊರಲ್ಲಿ ದೀಪಾವಳಿ ಹತ್ತಿರ ಬಂದಿದೆ, ಮಷಿನ್ನಿನಲ್ಲಿ ಇನ್ನೂ ಬೇಸಿಗೆ! ಮುಂದೆ ಯಾವಾಗಲೋ ತಯಾರಾಗುವ ಸಾಮಾನನ್ನು ಈಗಲೇ ಹೇಗೆ ತಗೊಳ್ಳಲಿ ಎಂಬುದು ಅದರ ತಕರಾರು. ಈ ತಾರೀಕು ಯಾರು ಇಟ್ಟರು ಎಂದು ಕೇಳಿದೆ.

ಮಾಸ್ತರರ ಹೆಂಡತಿ ಅಡುಗೆಮನೆಯಿಂದ ಬಂದರು. "ನಾನಽ ರೀ. ಕಂಪ್ಯೂಟರ್ ಕೊಟ್ಟ ಅಂಗಡಿಯವ್ರ ಕಡಿಂದ ತಾರೀಕು ಇಡೂದು ಕಲ್ತೀನಿ. ನೀವು ಬರೂ ದಿನಾ ತಿಥಿ ಛಲೋ ಇರವಲ್ದು. ಅದಕ್ಕ ಬೆಳಿಗ್ಗಿನಽ ಅಕ್ಷಯ ತದಗಿ ಇಟ್ಟಿರ್ತೀನಿ. ಇವ್ರ ಕೆಲಸ ಕೈಗೂಡ್ಲಿ ಅಂತ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗಂಡನಿಗಾಗಿ ಮೂರು ಭಾನುವಾರ ಅಕ್ಷಯ ತೃತೀಯ ತಂದ ಹೆಂಗಸು! ತಾರೀಕು ಸರಿ ಮಾಡಿದೆ. ಅರ್ಧ ತಾಸಿನಲ್ಲಿ ಎಲ್ಲ ಕಟ್ಟಿ ನಿಂತಿತು.

ಮಾಸ್ತರರು ಕುರ್ಚಿ ಹತ್ತಿರ ಎಳೆದುಕೊಂಡರು. ಮೊದಲು ಇವತ್ತಿನ ಪೇಪರ್ ಕೇಳೋಣ ಅಂದರು. ಇಂಟರ್ನೆಟ್ಟಿನಲ್ಲಿ ಅವರ ಪೇಪರ್ ತೆರೆದೆ. ಮಷಿನ್ನು ಗಂಟಲು ಕಟ್ಟಿದಂತಹ ದನಿಯಲ್ಲಿ ಓದತೊಡಗಿತು. ಬಸ್ ಪಲ್ಟಿ, ನಾಲ್ವರ ಸಾವು. ಸಭೆಯಲ್ಲಿ ಕೈ ಕೈ ಮಿಲಾಯಿಸಿದ ಪುಢಾರಿಗಳು. ಮಾಸ್ತರರು ಹುಬ್ಬು ಗಂಟಿಕ್ಕಿದರು.

"ಸರ, ಇದು ತಪ್ಪು ಓದಾಕತ್ತೈತಿ. ನಮ್ಮ ಪೇಪರ್ ಹಿಂಗ ಇರಂಗಿಲ್ಲ."

"ಮತ್ತ ಹೆಂಗಿರತೈತ್ರಿ?"

"ಬಸ್ ಪಲ್ಟಿ ಆದ್ರ ಎಲ್ಲಾರೂ ಪಾರಾಗಿರ್ತಾರ. ಪುಢಾರಿಗಳು ಜಗಳಾಡಿದ್ರ ಸಂಜಿಕ ಕೂಡಿ ಊಟಾ ಮಾಡಿರ್ತಾರ."

ಆರು ವರ್ಷದಿಂದ ದಿನಾ ಬೆಳಿಗ್ಗೆ ಅವರಿಗೆ ಪೇಪರ್ ಓದಿ ಹೇಳುತ್ತಿದ್ದವರು ಹೆಂಡತಿ. ನಾನು ಅವರತ್ತ ನೋಡಿದೆ. ಅವರು ಸೆರಗಿನ ಅಂಚು ತಿರುವುತ್ತ ನಿಂತಿದ್ದರು.

"ಇದ್ದದ್ದಿದ್ದಂಗ ಓದಿದ್ರ ಇವ್ರು ಚಾ ಕುಡೀತಿದ್ದಿಲ್ರಿ," ಅಂದರು ಮೆಲ್ಲಗೆ.

ಮಾಸ್ತರರು ತಲೆ ತಗ್ಗಿಸಿದರು. ಬೇಸರವಾಯಿತೇನೋ ಎಂದು ನನಗೆ ಹೆದರಿಕೆ. ಆಮೇಲೆ ಭುಜ ಕುಣಿಯಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಸರ, ಪುಸ್ತಕ ಇದು ಓದ್ಲಿ. ಪೇಪರ್ ಮಾತ್ರ ಈಕಿಗೇ ಬಿಡ್ರಿ," ಅಂದರು. "ಆರು ವರ್ಷದಾಗ ಒಬ್ಬರನ್ನೂ ಸಾಯಗೊಟ್ಟಿಲ್ಲ ಈಕಿ!"