ಸೊಂಟದ ಮೇಲಿನ ಕೈ

ಹದಿನಾಲ್ಕನೇ ನಂಬರಿನವನಿಗೆ ಚೆಂಡು ಹಾಕಲು ಆಗುತ್ತಿಲ್ಲ ಎಂಬುದನ್ನು ಊರು ಹೇಗೋ ಸಹಿಸಿಕೊಳ್ಳುತ್ತಿತ್ತು. ಅವನು ಎಡಗೈಯನ್ನು ಸೊಂಟದ ಮೇಲಿಟ್ಟುಕೊಂಡು ನಿಲ್ಲುವುದನ್ನು ಮಾತ್ರ ಸಹಿಸಲಾಗಲಿಲ್ಲ.

ಹೋದ ವರ್ಷ ಇದೇ ಆಟಗಾರ ಒಂದೇ ಪಂದ್ಯದಲ್ಲಿ ನಲವತ್ತೊಂದು ಪಾಯಿಂಟು ಗಳಿಸಿ, ಊರಿನ ಬ್ಯಾಸ್ಕೆಟ್‌ಬಾಲ್ ತಂಡವನ್ನು ಮೇಲಿನ ದರ್ಜೆಗೆ ಏರಿಸಿದ್ದ. ಅರ್ಧ ಊರು ಬೆನ್ನ ಮೇಲೆ ಹದಿನಾಲ್ಕು ಎಂದು ಹೊಲಿಸಿಕೊಂಡು ಓಡಾಡಿತ್ತು. ಈ ವರ್ಷ ಏಳು ಪಂದ್ಯ ಮುಗಿದರೂ ಅವನು ಒಂದರಲ್ಲೂ ಹತ್ತು ಪಾಯಿಂಟು ದಾಟಿರಲಿಲ್ಲ. ಬಲಗೈಯೊಂದರಲ್ಲೇ ಚೆಂಡು ಎಸೆಯುತ್ತಿದ್ದ. ಅದು ಕಂಬದ ಮೇಲಿನ ಬಳೆಯ ಕಡೆಗೆ ಹೊರಟಂತೆ ಮಾಡಿ, ದಾರಿಯಲ್ಲಿ ಬೇರೆ ಕೆಲಸ ನೆನಪಾದವರ ಹಾಗೆ ಇನ್ನೆಲ್ಲೋ ತಿರುಗಿಕೊಳ್ಳುತ್ತಿತ್ತು. ಎಡಗೈ ಮಾತ್ರ ಸೊಂಟ ಬಿಡುತ್ತಿರಲಿಲ್ಲ. ಸೊಸೆಯ ಅಡುಗೆ ನೋಡಲು ಬಾಗಿಲಲ್ಲಿ ನಿಂತ ಅತ್ತೆಯ ಠೀವಿ.

ಕೊಬ್ಬು ಎಂದು ಊರು ತೀರ್ಮಾನಿಸಿತು.

ಆ ತೀರ್ಮಾನಕ್ಕೆ ಘೋಷಣೆ ಹೊಂದಿಸಿಕೊಟ್ಟವನು ಕ್ರೀಡಾಂಗಣದ ಗೇಟಿನ ಎದುರು ಅಂಗಡಿ ಇಟ್ಟಿದ್ದ ಟೈಲರ್. "ಸೊಂಟ ಬಿಡು, ಕೈ ಎತ್ತು." ಮೂರನೇ ಪಂದ್ಯದಲ್ಲಿ ಮುಂದಿನ ಸಾಲಿನಿಂದ ಅವನೊಬ್ಬನೇ ಇದನ್ನು ಕೂಗಿದ್ದ. ಐದನೆಯದರ ಹೊತ್ತಿಗೆ ಇಡೀ ಕ್ರೀಡಾಂಗಣ ಕೂಗುತ್ತಿತ್ತು. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಅವನು ಆಡಿದ ಮಾತನ್ನು ಇನ್ನೊಬ್ಬರು ಒಪ್ಪಿ ತಿರುಗಿ ಹೇಳಿದ್ದು ಅದೇ ಮೊದಲು.

ತಂಡದ ಬಟ್ಟೆಗಳ ರಿಪೇರಿ ಎಲ್ಲ ಅವನದೇ. ಬೋರ್ಡಿನ ಮೇಲೆ 'ತಂಡದ ಅಧಿಕೃತ ಟೈಲರ್' ಎಂದು ಬರೆಸಿದ್ದ. 'ಅಧಿಕೃತ' ಉಳಿದ ಅಕ್ಷರಗಳಿಗಿಂತ ದೊಡ್ಡದಿತ್ತು.

ಎಂಟನೇ ಪಂದ್ಯದ ದಿನ. ಇದರಲ್ಲಿ ಸೋತರೆ ತಂಡ ಮತ್ತೆ ಕೆಳಗಿನ ದರ್ಜೆಗೆ. ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ತೆರೆಯುವಷ್ಟರಲ್ಲಿ ಪಕ್ಕದ ಕ್ಷೌರದ ಅಂಗಡಿಯವನು ತನ್ನ ಜೆರ್ಸಿ ತಂದು ಮಿಷನ್ನಿನ ಮೇಲೆ ಎಸೆದ.

"ಬಿಚ್ಚಿ ಹಾಕಿ ಇದನ್ನ. ಆ ಅಂಕಿ ನನ್ನ ಬೆನ್ನ ಮೇಲಿದ್ರೆ ರಾತ್ರಿ ನಿದ್ದೆ ಬರಲ್ಲ."

"ಜೆರ್ಸಿ ಹಾಕ್ಕೊಂಡು ಮಲಗ್ತೀರಾ?" ಎಂದಳು ಟೈಲರನ ಹೆಂಡತಿ, ಕಾಜ ಹೊಲಿಯುತ್ತಿದ್ದ ಬಟ್ಟೆಯಿಂದ ತಲೆಯೆತ್ತದೆ.

ಟೈಲರ್ ಬ್ಲೇಡಿನಿಂದ ಒಂದನ್ನೂ ನಾಲ್ಕನ್ನೂ ಬಿಚ್ಚಿ ಬುಟ್ಟಿಗೆ ಹಾಕಿದ. ಅಂಕಿ ಹೋಯಿತು. ಅದರಡಿಯ ಬಟ್ಟೆ ಬಿಸಿಲು ಕಾಣದೆ ಹೊಸದಾಗೇ ಉಳಿದಿತ್ತು. ಮಾಸಿದ ಜೆರ್ಸಿಯ ನಡುವೆ ಹದಿನಾಲ್ಕು ಮೊದಲಿಗಿಂತ ಸ್ಪಷ್ಟವಾಗಿ ಕಾಣತೊಡಗಿತು.

"ಇದೇನ್ರೀ, ಹೋಗಲೇ ಇಲ್ವಲ್ಲ."

"ತೊಳೀತಾ ತೊಳೀತಾ ಹೋಗುತ್ತೆ."

ಸುದ್ದಿ ಬೀದಿಗೆ ಬಿತ್ತು. ಹಾಲಿನವನು ಬಂದ, ಔಷಧಿ ಅಂಗಡಿಯವಳು ಬಂದಳು. ನಿವೃತ್ತ ಗಣಿತದ ಮೇಷ್ಟ್ರು ಬಂದು, ಬಿಚ್ಚುವುದು ಬೇಡ, ಕೊನೆಯಲ್ಲೊಂದು ಸೊನ್ನೆ ಸೇರಿಸಿ ನೂರಾ ನಲವತ್ತು ಮಾಡಿಕೊಡಿ, ಅಂಥ ನಂಬರಿನವನು ಹುಟ್ಟುವುದೇ ಇಲ್ಲವಾದ್ದರಿಂದ ಬೇಸರವೂ ಆಗುವುದಿಲ್ಲ ಎಂದರು. ಹನ್ನೆರಡರ ಹೊತ್ತಿಗೆ ಬುಟ್ಟಿ ತುಂಬ ಒಂದುಗಳೂ ನಾಲ್ಕುಗಳೂ ಬಿದ್ದಿದ್ದವು. ಜನ ಊಟಕ್ಕೆ ಹೋದರು. ಟೈಲರ್ ಎದ್ದು ಪೈಜಾಮದ ಲಾಡಿ ಸಡಿಲ ಮಾಡಿಕೊಂಡ. ಇಲಾಸ್ಟಿಕ್ಕು ಅವನ ಹೊಟ್ಟೆಗೆ ಆಗಿಬರುತ್ತಿರಲಿಲ್ಲ. ತನ್ನ ಪೈಜಾಮಗಳನ್ನು ತಾನೇ ಹೊಲಿದು, ಹಗ್ಗದಂಥ ಹತ್ತಿಯ ಲಾಡಿ ಹಾಕಿಕೊಳ್ಳುತ್ತಿದ್ದ.

ಆಗ ಹಿಂಬಾಗಿಲಿನ ಚೌಕಟ್ಟಿಗೆ ಏನೋ ಬಡಿದ ಸದ್ದಾಯಿತು. ಹಣೆ ಉಜ್ಜಿಕೊಳ್ಳುತ್ತಾ ಒಳಗೆ ಬಂದವನು ಹದಿನಾಲ್ಕನೇ ನಂಬರಿನವನು.

ಅಷ್ಟು ಹತ್ತಿರದಿಂದ ಟೈಲರ್ ಅವನನ್ನು ಈಚೆಗೆ ನೋಡಿರಲಿಲ್ಲ. ದೂರದಿಂದ ಕೊಬ್ಬಿದಂತೆ ಕಾಣುತ್ತಿದ್ದವನು ಹತ್ತಿರದಿಂದ ಜ್ವರ ಬಿಟ್ಟು ಎದ್ದವನ ಹಾಗಿದ್ದ. ಅವನ ಕಣ್ಣು ಬುಟ್ಟಿಯ ಮೇಲೆ ಬಿತ್ತು.

"ಇವೆಲ್ಲ ನನ್ನವೇನಣ್ಣ?"

"ಒಗೆಯೋಕೆ ತೆಗೆದಿದ್ದೀವಿ," ಎಂದಳು ಹೆಂಡತಿ. ಟೈಲರ್ ಬುಟ್ಟಿಯನ್ನು ಕಾಲಿನಿಂದ ಮಿಷನ್ನಿನ ಅಡಿಗೆ ತಳ್ಳಿದ.

ಅವನು ಚೀಲದಿಂದ ಒಂದು ಆಟದ ಚಡ್ಡಿ ತೆಗೆದು, ಮಗುವನ್ನು ಡಾಕ್ಟರಿಗೆ ತೋರಿಸುವಂತೆ ಮೇಜಿನ ಮೇಲೆ ಮಲಗಿಸಿದ. "ಹೋದ ವರ್ಷ ನಲವತ್ತೊಂದು ಹೊಡೆದಿದ್ದು ಇದರಲ್ಲೇ. ಬೇರೆ ಹಾಕ್ಕೊಂಡ್ರೆ ನನಗೆ ಕೈಯೇ ಬರಲ್ಲ. ಈ ಸಲ ಆಟ ಶುರುವಾಗೋ ಮುಂಚೆ ಸೊಂಟದ ಮಡಿಕೆ ಬಿಚ್ಚಿತ್ತು, ನಿಮಗೇ ಕೊಟ್ಟಿದ್ದೆ. ಆಮೇಲಿಂದ ಲಾಡಿ ಸಿಗ್ತಿಲ್ಲ."

"ಸಿಗ್ತಿಲ್ಲ ಅಂದ್ರೆ?"

"ಒಳಗಿದೆ. ಕೈಗೆ ತಗುಲುತ್ತೆ. ಹೊರಗೆ ಬರೋ ತೂತೇ ಇಲ್ಲ. ಇಲಾಸ್ಟಿಕ್ಕೂ ಹಳೇದು. ಓಡಿದ್ರೆ ಜಾರುತ್ತೆ. ಪಿನ್ನು ಹಾಕಿದ್ರೆ ರೆಫ್ರಿ ಆಡೋಕೆ ಬಿಡಲ್ಲ. ಅದಕ್ಕೇ ಒಂದು ಕೈಯಲ್ಲಿ ಹಿಡ್ಕೊಂಡೇ..."

ಅವನು ಮಾತು ಮುಗಿಸದೆ ಎಡಗೈ ಸೊಂಟದ ಮೇಲಿಟ್ಟು ತೋರಿಸಿದ.

ಟೈಲರ್ ಚಡ್ಡಿಯನ್ನು ಬೆಳಕಿಗೆ ಹಿಡಿದ. ಲಾಡಿ ಹೊರಬರುವ ಎರಡು ತೂತುಗಳ ಮೇಲೆ, ಈ ಕಡೆಯಿಂದ ಆ ಕಡೆಗೆ, ಎರಡೆರಡು ಸಾಲು ಹೊಲಿಗೆ ಓಡಿತ್ತು. ನೇರ, ಒತ್ತಾದ, ಹೆಮ್ಮೆಪಡಬೇಕಾದಂಥ ಹೊಲಿಗೆ.

ಹೆಂಡತಿ ಬಗ್ಗಿ ನೋಡಿದಳು. "ನಿಮ್ಮ ಕೈಕೆಲಸವೇ."

"ಎಂಟು ವಾರ ಬಾಯಲ್ಲಿ ಏನಿಟ್ಕೊಂಡಿದ್ದೆಯಪ್ಪ? ಬಂದು ಹೇಳಬಾರದಿತ್ತಾ?" ಎಂದ ಟೈಲರ್.

"ನೀವು ಮುಂದಿನ ಸಾಲಲ್ಲಿ ಕೂತು ಅಷ್ಟೊಂದು ಬೈತಿದ್ರಲ್ಲ ಅಣ್ಣ. ನನ್ನ ಮೇಲೆ ಏನೋ ಕೋಪ ಇದೆ ಅಂದ್ಕೊಂಡೆ. ಈಗ ಕೋಚ್ ಹೇಳಿಬಿಟ್ಟಿದ್ದಾರೆ, ಇವತ್ತು ಆಡದಿದ್ರೆ ಮನೆಗೆ ಅಂತ. ಹೆದರಿಕೊಂಡೇ ಬಂದೆ."

ಟೈಲರನ ಕಣ್ಣ ಮುಂದೆ ಹೊರಗಿನ ಬೋರ್ಡು ಬಂತು. ಅದರಲ್ಲಿ 'ಅಧಿಕೃತ' ಇನ್ನಷ್ಟು ದೊಡ್ಡದಾಯಿತು. ತಂಡವನ್ನು ಮುಳುಗಿಸಿದ್ದು ಕೊಬ್ಬಲ್ಲ, ಈ ಮಿಷನ್ನು ಎಂದು ಊರಿಗೆ ತಿಳಿದರೆ ಮಿಷನ್ನನ್ನೂ ಅವನನ್ನೂ ಒಟ್ಟಿಗೇ ಬೀದಿಗೆ ಎಳೆಯುತ್ತಾರೆ.

"ನೋಡು ತಮ್ಮ, ಐದು ನಿಮಿಷದಲ್ಲಿ ಸರಿಮಾಡ್ತೀನಿ. ಆದ್ರೆ ಇದು ನಮ್ಮೊಳಗೇ ಇರಲಿ. ಯಾರ ಹತ್ರಾನೂ ನನ್ನ ಹೆಸರೆತ್ತಬಾರದು."

"ಇಲ್ಲಣ್ಣ. ಆಣೆ ಮಾಡ್ತೀನಿ."

ಟೈಲರ್ ಬ್ಲೇಡು ಕೈಗೆತ್ತಿಕೊಂಡಾಗ ಮುಂಬಾಗಿಲಲ್ಲಿ ಕ್ಷೌರದವನ ಕೆಮ್ಮು ಕೇಳಿಸಿತು. ಆಟಗಾರ ಒಂದೇ ನೆಗೆತಕ್ಕೆ ಬಟ್ಟೆ ಹಾಕಿ ನೋಡುವ ಮೂಲೆಗೆ ಹೋಗಿ ಪರದೆ ಎಳೆದುಕೊಂಡ. ಪರದೆಯನ್ನು ಸಾಧಾರಣ ಜನರಿಗೆಂದು ಕಟ್ಟಿತ್ತು. ಅದರ ಕಂಬಿಯ ಮೇಲೆ ಅವನ ತಲೆ, ಗೋಡೆಯ ಮೇಲೆ ಮರೆತುಬಿಟ್ಟ ಮಡಕೆಯ ಹಾಗೆ, ಪೂರ್ತಿ ಕಾಣುತ್ತಿತ್ತು.

ಹೆಂಡತಿ ಸೂಜಿಯೊಂದನ್ನು ಕ್ಷೌರದವನ ಕೈಗೆ ಕೊಟ್ಟಳು. "ಅಣ್ಣ, ನಿಮ್ಮ ಕಣ್ಣು ಚುರುಕು. ಇದಕ್ಕೊಂದು ದಾರ ಪೋಣಿಸಿ ಕೊಡಿ."

ಅವನು ಪರದೆಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತ. ಟೈಲರ್ ಚಡ್ಡಿಯನ್ನು ಬೇರೆ ಜೆರ್ಸಿಯೊಂದರ ಅಡಿಯಲ್ಲಿ ಮುಚ್ಚಿಟ್ಟುಕೊಂಡು ಹೊಲಿಗೆ ಬಿಚ್ಚತೊಡಗಿದ.

"ಇವತ್ತು ಅವನಿಗೆ ಗಂಟಲು ಹರಿಯೋ ಹಾಗೆ ಕೂಗಬೇಕು ರೀ," ಎಂದ ಕ್ಷೌರದವನು, ಸೂಜಿಯ ಕಣ್ಣನ್ನೇ ನೋಡುತ್ತ. "ಅವನ ನಡಿಗೆ ನೋಡಿ, ನಿಲ್ಲೋದು ನೋಡಿ. ಆ ತಲೆ ನೋಡಿದ್ರೇ ಗೊತ್ತಾಗುತ್ತೆ, ಎಂಥ ಮನುಷ್ಯ ಅಂತ. ಯಾರ ಹತ್ರ ಕೂದಲು ಕತ್ತರಿಸ್ತಾನೋ. ಕುರಿ ಉಣ್ಣೆ ಕತ್ತರಿಸೋರೂ ಹಾಗೆ ಬಿಡಲ್ಲ."

ಪರದೆಯ ಮೇಲಿನಿಂದ ಒಂದು ಕೈ ಬಂದು ತಲೆ ಸವರಿಕೊಂಡಿತು.

"ಏನ್ರೀ, ಮಾತೇ ಇಲ್ಲ. ಘೋಷಣೆ ಕಟ್ಟಿದೋರೇ ನೀವು."

"ಅವನಿಗೂ ಏನೋ ಕಷ್ಟ ಇರಬಹುದು."

ಕ್ಷೌರದವನು ಸೂಜಿ ಬಿಟ್ಟು ಟೈಲರನ ಮುಖ ನೋಡಿದ. "ಹುಷಾರಿದ್ದೀರಾ?"

ಅಷ್ಟರಲ್ಲಿ ಉಳಿದವರೂ ಊಟ ಮುಗಿಸಿ ಬಂದು ಬಾಗಿಲಲ್ಲಿ ಸೇರಿದರು. ಮೇಷ್ಟ್ರು ಒಳಗೆ ಕಾಲಿಡುವ ಮೊದಲೇ ಹೆಂಡತಿ ಒಣಗಲು ಹಾಕುವಂತೆ ಒಂದು ಬೆಡ್‌ಶೀಟನ್ನು ಅಡ್ಡಡ್ಡ ಬಿಡಿಸಿ ಹಿಡಿದಳು. ಅದರ ಮರೆಯಲ್ಲಿ ಬಗ್ಗಿಕೊಂಡು, ಸದ್ದಾಗದಂತೆ ಹೆಜ್ಜೆ ಇಟ್ಟು ಹಿಂಬಾಗಿಲು ಸೇರಿದ ಆಟಗಾರ. ಚೌಕಟ್ಟಿಗೆ ಮತ್ತೆ ಹಣೆ ಬಡಿದ ಸದ್ದು ಕೇಳಿಸಿತು. "ಬೆಕ್ಕು," ಎಂದಳು ಅವಳು. ಚಡ್ಡಿ ಟೈಲರನ ಬಳಿಯೇ ಉಳಿಯಿತು.

ಹೊಲಿಗೆ ಬಿಚ್ಚಿ ಎಳೆದರೆ ಲಾಡಿ ಮೂರು ತುಂಡಾಗಿ ಬಂತು. ಅವನ ಸೂಜಿ ಅದರ ನಡುವೆಯೂ ಓಡಿತ್ತು. ಹೊಸ ಲಾಡಿ ಕತ್ತರಿಸಿ ಪಕ್ಕಕ್ಕಿಟ್ಟುಕೊಂಡ. ಪೋಣಿಸೋಣವೆಂದರೆ ಮೇಷ್ಟ್ರು ಪಕ್ಕದಲ್ಲೇ ಕೂತು ಸೊನ್ನೆಯ ಆಕಾರ ವಿವರಿಸುತ್ತಿದ್ದರು. ಮೂರೂವರೆಗೆ ಎಲ್ಲರೂ ಕ್ರೀಡಾಂಗಣಕ್ಕೆ ಹೊರಟ ಮೇಲೆ ಅಲ್ಲೇ ಪೋಣಿಸಲು ಹೊತ್ತಿಲ್ಲವೆಂದು ಚಡ್ಡಿಯನ್ನು ತನ್ನ ಜೆರ್ಸಿಯೊಳಗೆ ತುರುಕಿಕೊಂಡು, ಲಾಡಿ ಪೋಣಿಸುವ ಪಿನ್ನೊಂದನ್ನು ಹಲ್ಲಲ್ಲಿ ಕಚ್ಚಿಕೊಂಡು ಟೈಲರ್ ಓಡಿದ.

ಆಟಗಾರರ ಗೇಟಿನಲ್ಲಿ ಅವನ ಹೆಂಡತಿಯ ತಮ್ಮ ನಿಂತಿದ್ದ. ಆ ದಿನದ ಮಟ್ಟಿಗೆ ಸ್ವಯಂಸೇವಕ. ಎದೆಯ ಮೇಲಿನ ಬ್ಯಾಡ್ಜಿನ ಭಾರಕ್ಕೆ ಬೆನ್ನು ಹಿಂದಕ್ಕೆ ಬಾಗಿತ್ತು.

"ಪಾಸ್ ಎಲ್ಲಿ ಭಾವ?"

"ನಾನು ಕಣೋ."

"ನೀವು ಅಂತ ಗೊತ್ತು. ಪಾಸ್ ಎಲ್ಲಿ?"

"ನಿಮ್ಮಕ್ಕನಿಗೆ ಹೇಳ್ತೀನಿ."

"ಅಕ್ಕ ಬಂದ್ರೂ ಪಾಸ್ ಕೇಳ್ತೀನಿ."

ಟೈಲರ್ ಬಾಯಿಂದ ಪಿನ್ನು ತೆಗೆದ. "ಭಾನುವಾರ ನಿನ್ನ ಮದುವೆ. ಕೋಟು ನನ್ನ ಹತ್ರ ಇದೆ. ಎಡ ತೋಳು ಇನ್ನೂ ಕೂಡಿಸಿಲ್ಲ."

ಗೇಟು ತೆರೆಯಿತು.

ಒಳಗೆ ಉಳಿದ ಆಟಗಾರರೆಲ್ಲ ಅಂಗಳಕ್ಕೆ ಹೋಗಿಯಾಗಿತ್ತು. ಹದಿನಾಲ್ಕನೆಯವನು ಟವೆಲು ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ. ಟೈಲರ್ ಚಡ್ಡಿ ಹೊರತೆಗೆದ, ಪಿನ್ನು ಸಿದ್ಧ ಮಾಡಿದ, ಜೇಬಿಗೆ ಕೈ ಹಾಕಿದ. ಹೊಸ ಲಾಡಿ ಅಲ್ಲಿರಲಿಲ್ಲ. ಅದು ಮಿಷನ್ನಿನ ಪಕ್ಕ, ಮೇಷ್ಟ್ರ ಸೊನ್ನೆಯ ಕೆಳಗೆ ಇತ್ತು.

ಹೊರಗೆ ಸೀಟಿ ಊದಿದರು. ಹದಿನಾಲ್ಕನೆಯವನು ಟೈಲರನ ಮುಖ ನೋಡಿದ. ಅಂಗಡಿಯಲ್ಲಿ ಬುಟ್ಟಿಯನ್ನು ನೋಡಿದ್ದನಲ್ಲ, ಅದೇ ನೋಟ.

ಟೈಲರ್ ಗೋಡೆಗೆ ಬೆನ್ನು ಕೊಟ್ಟು ನಿಂತು, ತನ್ನ ಪೈಜಾಮದ ಲಾಡಿಯ ಗಂಟು ಬಿಚ್ಚಿ, ಉದ್ದಕ್ಕೆ ಎಳೆದುಬಿಟ್ಟ.

ಒಂದು ಕೈಯಲ್ಲಿ ಪೈಜಾಮ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಲಾಡಿ ಪೋಣಿಸುವುದು ಎಷ್ಟು ಕಷ್ಟವೆಂದು ಅವನಿಗೆ ಆಗ ತಿಳಿಯಿತು. ಒಂದೇ ಕೈಯಲ್ಲಿ ಚೆಂಡು ಹಾಕುವುದು ಇದಕ್ಕಿಂತ ಸುಲಭವೇನೂ ಇರಲಾರದು ಎಂದೂ ಅನಿಸಿತು. ಹದಿನಾಲ್ಕನೆಯವನು ಬಿಗಿಯಾಗಿ ಗಂಟು ಹಾಕಿಕೊಂಡು ಎರಡು ಸಲ ಹಾರಿ ನೋಡಿದ. ಚಡ್ಡಿ ಅಲುಗಲಿಲ್ಲ. ಟೈಲರನ ಎರಡೂ ಕೈ ಹಿಡಿದುಕೊಳ್ಳಲು ಬಂದವನಿಗೆ ಒಂದೇ ಕೈ ಸಿಕ್ಕಿತು. ಅವನು ಓಡಿದ. ಪಿನ್ನು ಬೆಂಚಿನ ಸಂದಿಗೆ ಬಿದ್ದಿತ್ತು. ಟೈಲರ್ ಬಗ್ಗಿ ಹುಡುಕುವ ಹಾಗಿರಲಿಲ್ಲ.

ಅವನು ಮುಂದಿನ ಸಾಲಿಗೆ ಬಂದು ಕ್ಷೌರದವನ ಪಕ್ಕ ಕೂತಾಗ ಕ್ರೀಡಾಂಗಣ ಆಗಲೇ ಕೂಗುತ್ತಿತ್ತು. "ಸೊಂಟ ಬಿಡು, ಕೈ ಎತ್ತು."

ಹದಿನಾಲ್ಕನೆಯವನು ಸೊಂಟ ಬಿಟ್ಟ. ಎರಡೂ ಕೈ ಎತ್ತಿದ. ಚೆಂಡು ಅಂಚಿಗೂ ತಾಗದೆ ಬಳೆಯೊಳಗೆ ಇಳಿಯಿತು.

ಕೂಗು ಅರ್ಧಕ್ಕೆ ನಿಂತಿತು. ಎರಡನೆಯದು ಬಿತ್ತು, ಮೂರನೆಯದು ಬಿತ್ತು. ಎಂಟು ವಾರ ಒಳಗೇ ಕೂಡಿಟ್ಟುಕೊಂಡಿದ್ದನ್ನೆಲ್ಲ ಅವನು ಒಂದೇ ಸಂಜೆ ಖಾಲಿ ಮಾಡುವವನಂತೆ ಆಡಿದ. ಅರ್ಧ ಆಟ ಮುಗಿಯುವಷ್ಟರಲ್ಲಿ ಔಷಧಿ ಅಂಗಡಿಯವಳು ಅಳುತ್ತಿದ್ದಳು. ಅಂಕಿ ಬಿಚ್ಚಿಸಿಕೊಂಡವರೆಲ್ಲ ಎದ್ದು ಬೆನ್ನು ತಿರುಗಿಸಿ ನಿಂತು, ಬಟ್ಟೆಯ ಮೇಲೆ ಉಳಿದಿದ್ದ ಗುರುತನ್ನು ಅವನಿಗೆ ಕಾಣುವಂತೆ ತೋರಿಸಿದರು. ಮೇಷ್ಟ್ರು ಮಾತ್ರ ನೂರಾ ನಲವತ್ತನ್ನು ಶಾಲಿನಲ್ಲಿ ಮುಚ್ಚಿಕೊಂಡರು.

ನಲವತ್ಮೂರು ಪಾಯಿಂಟು. ತಂಡ ಮೇಲಿನ ದರ್ಜೆಯಲ್ಲೇ ಉಳಿಯಿತು. ಎಲ್ಲರೂ ಎದ್ದು ತಲೆಯ ಮೇಲೆ ಕೈಯೆತ್ತಿ ಚಪ್ಪಾಳೆ ತಟ್ಟಿದರು. ಟೈಲರ್ ಎಡಗೈ ಸೊಂಟದ ಮೇಲಿಟ್ಟುಕೊಂಡು ಕೂತೇ ಇದ್ದ.

"ಇನ್ನೂ ಸಿಟ್ಟಾ ರೀ ನಿಮಗೆ?" ಎಂದ ಕ್ಷೌರದವನು. "ಅಷ್ಟು ಆಡಿದಾನೆ ಹುಡುಗ. ಒಂದು ಚಪ್ಪಾಳೆಗೂ ಕೈ ಏಳಲ್ವಾ? ಮಧ್ಯಾಹ್ನ ನೋಡಿದ್ರೆ ಅವನ ಪರ ಮಾತಾಡ್ತಿದ್ರಿ."

"ಒಳಗೊಳಗೇ ತಟ್ತಿದ್ದೀನಿ."

ನಿಜಕ್ಕೂ ಅವನಿಗೆ ಅಷ್ಟು ಸುಖವಾಗಿತ್ತು. ತಂಡ ಉಳಿಯಿತು, ಹುಡುಗ ಉಳಿದ, ಬೋರ್ಡು ಉಳಿಯಿತು. ಜನವೆಲ್ಲ ಹೊರಗೆ ಹೋಗುವವರೆಗೆ ಕೂತಿದ್ದು, ಆಮೇಲೆ ಗೋಡೆ ಹಿಡಿದು ಮನೆ ಸೇರಿದರಾಯಿತು.

ಅಷ್ಟರಲ್ಲಿ ಹದಿನಾಲ್ಕನೆಯವನ ಕೈಗೆ ಮೈಕು ಕೊಟ್ಟರು. ಸದ್ದು ಅಡಗಿತು. ಅವನಿಗೆ ಮಾತಾಡಿ ಅಭ್ಯಾಸವಿರಲಿಲ್ಲ. ಮೈಕನ್ನು ಒಮ್ಮೆ ದೂರ, ಒಮ್ಮೆ ಹತ್ತಿರ ಹಿಡಿದ.

"ನಾನು ಇಷ್ಟು ದಿನ ಸೊಂಟದ ಮೇಲೆ ಕೈ ಇಟ್ಕೊಂಡಿದ್ದು ಕೊಬ್ಬಿನಿಂದ ಅಲ್ಲ. ಚಡ್ಡಿ ಜಾರ್ತಿತ್ತು. ರಿಪೇರಿ ಮಾಡುವಾಗ ಲಾಡಿಯ ತೂತು ಸೇರಿಸಿ ಹೊಲಿದುಬಿಟ್ಟಿದ್ರು. ಬೇಕು ಅಂತ ಮಾಡಿದ್ದಲ್ಲ. ಇವತ್ತು ಅವರೇ ಬಂದು ಸರಿಮಾಡಿದ್ರು. ತಮ್ಮ ಲಾಡಿಯನ್ನೇ ಬಿಚ್ಚಿ ಕೊಟ್ರು. ಅಂಥ ದೊಡ್ಡ ಮನಸ್ಸು." ಅವನು ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿದ. "ಅವರು ಯಾರು ಅಂತ ಹೇಳಲ್ಲ. ಹೆಸರೆತ್ತಲ್ಲ ಅಂತ ಆಣೆ ಮಾಡಿದ್ದೀನಿ. ಆದ್ರೆ ಅವರ ಋಣ ತೀರಿಸೋಕಾಗಲ್ಲ. ಈಗ ಅವರು ಇಲ್ಲೇ ಎಲ್ಲೋ ಸೊಂಟ ಹಿಡ್ಕೊಂಡು ಕೂತಿರ್ತಾರೆ. ದಯವಿಟ್ಟು ಎಲ್ಲರೂ ಅವರಿಗೊಂದು ಚಪ್ಪಾಳೆ ಕೊಡಿ."

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಮೊದಲು ಕ್ಷೌರದವನ ತಲೆ ತಿರುಗಿತು. ಆಮೇಲೆ ಆ ಸಾಲು, ಆಮೇಲೆ ಹಿಂದಿನ ಸಾಲು. ಗಾಳಿಗೆ ಬೆಳೆ ವಾಲಿದಂತೆ ಇಡೀ ಕ್ರೀಡಾಂಗಣ ಟೈಲರನ ಕಡೆಗೆ ವಾಲಿತು. ಎಂಟು ವಾರದ ಸಿಟ್ಟು ಸಂಜೆಯಿಂದ ಕೂರಲು ಜಾಗವಿಲ್ಲದೆ ಅಲೆಯುತ್ತಿತ್ತು. ಈಗ ಅದಕ್ಕೆ ಜಾಗ ಸಿಕ್ಕಿತು.

ಟೈಲರ್ ಎದ್ದ. ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟ. ಎಡಗೈ ಸೊಂಟದ ಮೇಲೇ ಇತ್ತು.

ಶುರುಮಾಡಿದ್ದು ಕ್ಷೌರದವನು. ಎರಡನೇ ಸಲಕ್ಕೆ ಊರೆಲ್ಲ ಸೇರಿತು. ಎಷ್ಟು ಸರಿಯಾದ ಲಯ, ಎಷ್ಟು ಸಲೀಸಾಗಿ ನಾಲಿಗೆಗೆ ಸಿಗುವ ಮಾತು, ಕಟ್ಟಿದವನಿಗೇ ಆಗ ಗೊತ್ತಾಯಿತು.

"ಸೊಂಟ ಬಿಡು, ಕೈ ಎತ್ತು."

ಟೈಲರ್ ಎರಡನ್ನೂ ಮಾಡುವ ಹಾಗಿರಲಿಲ್ಲ.